ಚೆಕ್ಕರ್ಸ್ ಲೀಗ್: ಜಿದ್ದು ಇರಬೇಕು, ಮಾತು ಬಿಡಬಾರದು. ನಿಯಮ ಹೇಗೆ ಬರೆಯೋದು?

ತುಂಗಾತೀರ:

ಶಿವಮೊಗ್ಗದ ಒಂದು ಸಣ್ಣ ಚೆಕ್ಕರ್ಸ್ ಗುಂಪಿಗೆ ಲೀಗಿನ ನಿಯಮ ಬರೆಯಬೇಕಾಗಿದೆ. ಗೊತ್ತಿದ್ದವರು ಸ್ವಲ್ಪ ತಿದ್ದಿ ಕೊಡಿ.

ಆಟಗಾರರು 9, ಬೋರ್ಡು 4, ಭಾನುವಾರ ಸಂಜೆ 4ರಿಂದ 6.30ರವರೆಗೆ ಜಾಗ ಸಿಗುತ್ತೆ. 8×8 ಬೋರ್ಡು, ಒಬ್ಬೊಬ್ಬರಿಗೆ 12 ಕಾಯಿ. ಮಳೆಗಾಲದಲ್ಲೇ ಶುರು ಮಾಡಿ ಮಳೆಗಾಲದಲ್ಲೇ ಮುಗಿಸಬೇಕು. ಅಡಿಕೆ ಕೊನೆಕೊಯ್ಲು ಬಂತೆಂದರೆ ಅರ್ಧ ಜನ ತೀರ್ಥಹಳ್ಳಿ, ಹೊಸನಗರದ ಕಡೆ ತೋಟದಲ್ಲಿರ್ತಾರೆ, ಆಮೇಲೆ ಯಾರೂ ಕೈಗೆ ಸಿಗಲ್ಲ.

ತೊಡಕು ಎಲ್ಲೆಲ್ಲಿ ಅಂದರೆ: ಇಬ್ಬರು ಉಳಿದ ಏಳು ಜನಕ್ಕಿಂತ ಬಹಳ ಮುಂದಿದ್ದಾರೆ, ಹಾಗಾಗಿ ಯಾರು ಗೆಲ್ತಾರೆ ಅಂತ ಮೊದಲೇ ಗೊತ್ತು. ಎದುರಾಳಿ ಕಾಯಿಯನ್ನು ಹಾರಿ ತೆಗೆಯೋ ಅವಕಾಶ ಇದ್ದರೆ "ಹೊಡೆಯಲೇಬೇಕು" ಅನ್ನೋ ನಿಯಮದ ಮೇಲೆ ವಾರಕ್ಕೊಂದು ವಾಗ್ವಾದ. ರಾಜ (ಎದುರಿನ ತುದಿ ಸಾಲು ಮುಟ್ಟಿದ ಕಾಯಿ) ಎಷ್ಟು ಮನೆ ಹೋಗಬಹುದು ಅನ್ನೋದಕ್ಕೂ ಅಷ್ಟೆ. ಹಿಂದೆ ನಿಂತವರು ನಡೆ ಹೇಳ್ತಾರೆ. ಸೋತವರು ಮಿರ್ಚಿ ಮಂಡಕ್ಕಿ ಕೊಡಿಸಬೇಕು ಅಂತ ಪದ್ಧತಿ, ಪ್ರತಿ ವಾರ ಅದೇ ಮೂರು ಜನ ಕೊಡಿಸ್ತಿದ್ದಾರೆ. ಕಾಲೆಳೆಯೋದು ನಿಲ್ಲಬಾರದು, ಅದಿಲ್ಲದಿದ್ದರೆ ಯಾರೂ ಬರೋದೂ ಇಲ್ಲ. ಆದರೆ ಯಾರೂ ಮುಖ ಊದಿಸಿಕೊಂಡು ಮನೆಗೆ ಹೋಗಬಾರದು.

ಒಂದಕ್ಕೆರಡು:

ಆ ಒಂಬತ್ತು ಜನರಲ್ಲಿ ಯಾರೂ ಮೋಸ ಮಾಡ್ತಿರಲಿಕ್ಕಿಲ್ಲ ಮಾರಾಯ್ರೆ. ಒಂದೇ ಬೋರ್ಡಿನ ಮೇಲೆ ಮೂರು ಬೇರೆ ಆಟ ನಡೀತಿದೆ, ಅಷ್ಟೆ. ಮೊಬೈಲಿನಲ್ಲಿ "ಚೆಕ್ಕರ್ಸ್" ಅಂತ ಸಿಗೋದು ಒಂದೇ ಆಟ ಅಲ್ಲ.

ಇಂಗ್ಲಿಷ್ ಪದ್ಧತಿಯಲ್ಲಿ ಸಾದಾ ಕಾಯಿ ಮುಂದಕ್ಕೆ ಮಾತ್ರ ನಡೆಯುತ್ತೆ, ಮುಂದಕ್ಕೆ ಮಾತ್ರ ಹೊಡೆಯುತ್ತೆ. ರಾಜ ನಾಲ್ಕೂ ಮೂಲೆ ದಿಕ್ಕಿಗೆ ಹೋಗ್ತಾನೆ, ಆದರೆ ಒಂದೇ ಮನೆ. ರಷ್ಯನ್ ಪದ್ಧತಿಗೂ ಇದೇ 8×8 ಬೋರ್ಡು, ಇದೇ 12 ಕಾಯಿ. ಅಲ್ಲಿ ಸಾದಾ ಕಾಯಿ ಹಿಂದಕ್ಕೂ ಹೊಡೆಯುತ್ತೆ, ರಾಜ ಓರೆ ಸಾಲಿನಲ್ಲಿ ಎಷ್ಟು ದೂರ ಬೇಕಾದರೂ ಹೋಗ್ತಾನೆ. ಅಂತರರಾಷ್ಟ್ರೀಯ ಪದ್ಧತಿಗೆ 10×10 ಬೋರ್ಡು, ತಲಾ 20 ಕಾಯಿ. ಅಲ್ಲಿ ಹೊಡೆಯೋ ದಾರಿ ಎರಡಿದ್ದರೆ ಹೆಚ್ಚು ಕಾಯಿ ಸಿಗುವ ದಾರಿಯನ್ನೇ ಹಿಡಿಯಬೇಕು.

ದೊಡ್ಡ ಜಗಳ ಏಳೋದು ತುದಿ ಸಾಲಿನಲ್ಲಿ. ಸಾದಾ ಕಾಯಿ ಹೊಡೀತಾ ಹೊಡೀತಾ ತುದಿ ಸಾಲು ಮುಟ್ಟಿತು, ಅಲ್ಲಿಂದ ಇನ್ನೊಂದು ಹೊಡೆತ ಕಾಣ್ತಿದೆ ಅಂದುಕೊಳ್ಳಿ. ಇಂಗ್ಲಿಷ್ ಪದ್ಧತಿಯಲ್ಲಿ ಅಲ್ಲೇ ನಿಲ್ಲಬೇಕು: ರಾಜನಾಯ್ತು, ಸರದಿ ಮುಗೀತು. ರಷ್ಯನ್ನಿನಲ್ಲಿ ಅಲ್ಲೇ ರಾಜನಾಗಿ ರಾಜನ ಹಾಗೆಯೇ ಮುಂದಕ್ಕೆ ಹೊಡೀತಾ ಹೋಗ್ತಾನೆ. ಅಂತರರಾಷ್ಟ್ರೀಯದಲ್ಲಿ ಹೊಡೆತ ಮುಂದುವರಿಸಬೇಕು, ಆದರೆ ತುದಿ ಸಾಲಲ್ಲಿ ನಿಲ್ಲದೆ ದಾಟಿ ಹೋದರೆ ರಾಜನಾಗಲ್ಲ. ಮೂರು ಆ್ಯಪ್‌ನಲ್ಲಿ ಕಲಿತ ಮೂವರಿಗೂ ತಾವೇ ಸರಿ ಅನ್ನಿಸೋದರಲ್ಲಿ ಆಶ್ಚರ್ಯ ಎಂತದು?

8×8 ಬೋರ್ಡು ಇರೋದರಿಂದ ಇಂಗ್ಲಿಷ್ ಪದ್ಧತಿ ಅಂತ ಒಂದೇ ಸಾಲಲ್ಲಿ ಬರೆದು ಗೋಡೆಗೆ ಅಂಟಿಸಿ. ಅದರ ಕೆಳಗೆ ಇವಿಷ್ಟು ಸೇರಿಸಿ:

ಬೋರ್ಡು ಇಡುವಾಗ ಇಬ್ಬರಿಗೂ ಬಲಗೈ ಮೂಲೆ ಬಿಳಿ ಮನೆ, ಎಡಗೈ ಮೂಲೆ ಕಪ್ಪು ಮನೆ. ಆಟ ಕಪ್ಪು ಮನೆಗಳಲ್ಲಿ. ಮೊದಲ ನಡೆ ಕಪ್ಪು ಕಾಯಿಯದು (ಚೆಸ್ ಆಡಿ ಬಂದವರು ಇಲ್ಲೇ ಎಡವೋದು).

ಹೊಡೆಯೋದು ಕಡ್ಡಾಯ. ಎರಡು ದಾರಿ ಇದ್ದರೆ ಯಾವುದನ್ನು ಬೇಕಾದರೂ ಹಿಡಿಯಬಹುದು, ಹೆಚ್ಚು ಕಾಯಿ ಸಿಗೋ ಕಡೆಗೇ ಹೋಗಬೇಕೆಂದಿಲ್ಲ. ಹಿಡಿದ ದಾರಿಯಲ್ಲಿ ಮಾತ್ರ ಕೊನೆಯ ಕಾಯಿಯವರೆಗೂ ಹೊಡೆದು ಮುಗಿಸಬೇಕು.

ಹೊಡೆಯದೆ ಬಿಟ್ಟ ಕಾಯಿಯನ್ನು ಎದುರಾಳಿ ಊದಿ ತೆಗೆದುಹಾಕುವ ಹಳೇ ನಿಯಮವನ್ನು ಕೈಬಿಟ್ಟು ಬಹಳ ಕಾಲವಾಯ್ತು. ಈಗ ತಪ್ಪು ನಡೆಯನ್ನು ವಾಪಸ್ ಇಟ್ಟು ಹೊಡೆಸಬೇಕು. "ನೋಡಲಿಲ್ಲ" ಅನ್ನೋದಕ್ಕೆ ಶಿಕ್ಷೆ ಬೇಡ, ಆ ಹೊಡೆತವೇ ಸಾಮಾನ್ಯವಾಗಿ ಶಿಕ್ಷೆ ಆಗಿರುತ್ತೆ.

ಮುಟ್ಟಿದ ಕಾಯಿ ನಡೆಸಲೇಬೇಕು. ಕಾಯಿ ಸರಿಪಡಿಸೋದಾದರೆ ಮುಟ್ಟುವ ಮೊದಲೇ ಬಾಯಿಬಿಟ್ಟು ಹೇಳಬೇಕು.

ಡ್ರಾ ಎರಡು ಸಂದರ್ಭದಲ್ಲಿ: ಅದೇ ಸ್ಥಿತಿ ಮೂರನೇ ಸಲ ಬಂದರೆ, ಅಥವಾ ಒಬ್ಬರ 40 ನಡೆಗಳ ಉದ್ದಕ್ಕೂ ಯಾವ ಕಾಯಿಯೂ ಹೊಡೆಸಿಕೊಳ್ಳದೆ, ಸಾದಾ ಕಾಯಿ ಒಂದೂ ಮುಂದೆ ಹೋಗದೆ ಇದ್ದರೆ. ಎಣಿಸೋ ಕೆಲಸ ಡ್ರಾ ಕೇಳೋರದ್ದು. ಇನ್ನು, ನಡೆಯೋಕೆ ಜಾಗವೇ ಇಲ್ಲದೆ ಸಿಕ್ಕಿಬಿದ್ದರೆ ಅದು ಸೋಲು, ಡ್ರಾ ಅಲ್ಲ. ಚೆಸ್‌ನವರಿಗೆ ಇದನ್ನು ಎರಡು ಸಲ ಹೇಳಿ.

ಹಾಳೆಟೋಪಿ:

ನಿಯಮ ಬರೆಯೋದರಲ್ಲಿ ಒಂದಕ್ಕೆರಡು ಅವರನ್ನು ಮೀರಿಸೋರಿಲ್ಲ. ಬೋರ್ಡಿನ ಮೇಲೆ ಏನು ಕತೆ ಅಂತ ಮಾತ್ರ ಕೇಳಬೇಡಿ :)

ಲೀಗಿನ ಲೆಕ್ಕ ನಾನು ಹೇಳ್ತೀನಿ. 9 ಜನ ಎಲ್ಲರೂ ಎಲ್ಲರ ಜೊತೆ ಒಂದು ಸಲ ಆಡಿದರೆ 36 ಜೋಡಿ. ವಾರಕ್ಕೆ 4 ಬೋರ್ಡಾದರೆ ಸರಿಯಾಗಿ 9 ಭಾನುವಾರ, ಪ್ರತಿ ವಾರ ಒಬ್ಬರಿಗೆ ಬಿಡುವು. ಬಿಡುವಿದ್ದವರೇ ಆ ದಿನದ ತೀರ್ಪುಗಾರರು, ಬರೆದುಕೊಳ್ಳೋರೂ ಅವರೇ. ಹಾಗೆ ಮಾಡದಿದ್ದರೆ ಬಿಡುವಿನ ದಿನ ಮನೇಲೇ ಉಳೀತಾರೆ, ಮಾರನೇ ವಾರವೂ ಬರಲ್ಲ.

ಜೋಡಿ ಹಾಕೋದು ಸುಲಭ. ಮೇಲಿನ ಸಾಲಲ್ಲಿ ಬಿಡುವು, 1, 2, 3, 4 ಅಂತ ಬರೆಯಿರಿ. ಕೆಳಗೆ 9, 8, 7, 6, 5. ಮೇಲೆ ಕೆಳಗೆ ಎದುರಾದವರು ಮೊದಲ ವಾರದ ಜೋಡಿ: 9ನೆಯವರಿಗೆ ಬಿಡುವು, 1-8, 2-7, 3-6, 4-5. ಮುಂದಿನ ವಾರ "ಬಿಡುವು" ಇದ್ದಲ್ಲೇ ಇರಲಿ, ಉಳಿದ ಅಂಕಿ ಎಲ್ಲವನ್ನೂ ಗಡಿಯಾರದ ಮುಳ್ಳಿನ ಹಾಗೆ ಒಂದೊಂದು ಜಾಗ ಸರಿಸಿ. ಆಗ ಮೇಲೆ ಬಿಡುವು, 9, 1, 2, 3, ಕೆಳಗೆ 8, 7, 6, 5, 4 ಆಗುತ್ತೆ. 8ಕ್ಕೆ ಬಿಡುವು, 9-7, 1-6, 2-5, 3-4. ಹೀಗೇ ಒಂಬತ್ತು ವಾರ. ಯಾರಿಗೆ ಯಾವ ಅಂಕಿ ಅನ್ನೋದನ್ನು ಎಲ್ಲರೆದುರು ಚೀಟಿ ಎತ್ತಿ ತೀರ್ಮಾನಿಸಿ. ಒಂದು ಬದಲಾವಣೆ ಮಾತ್ರ ಮಾಡಿಕೊಳ್ಳಿ: ಆ ಇಬ್ಬರು ಜೋರು ಆಟಗಾರರಿಗೆ 4 ಮತ್ತು 7 ಕೊಟ್ಟುಬಿಡಿ. ಹಾಗೆ ಮಾಡಿದರೆ ಅವರಿಬ್ಬರ ಪಂದ್ಯ ಕೊನೆಯ ಭಾನುವಾರಕ್ಕೆ ಬೀಳುತ್ತೆ, ಅಲ್ಲಿವರೆಗೆ ಕುತೂಹಲ ಉಳಿಯುತ್ತೆ.

ಒಂದು ಪಂದ್ಯ ಅಂದರೆ ಎರಡು ಆಟ, ಬಣ್ಣ ಬದಲಾಯಿಸಿಕೊಂಡು. ಆಟಕ್ಕೆ ತಲಾ 15 ನಿಮಿಷ, ಅಂದರೆ ಪಂದ್ಯ ಹೆಚ್ಚೆಂದರೆ ಒಂದು ಗಂಟೆ. ಗಡಿಯಾರಕ್ಕೆ ಫೋನಿನ ಚೆಸ್ ಕ್ಲಾಕ್ ಸಾಕು. ಏರೋಪ್ಲೇನ್ ಮೋಡಿಗೆ ಹಾಕದಿದ್ದರೆ ನಡುವೆ ಕರೆ ಬಂದು ಗಡಿಯಾರ ಮರೆಯಾಗುತ್ತೆ, ಅಲ್ಲಿಂದ ಹೊಸ ಜಗಳ. ಪಂದ್ಯ ಗೆದ್ದರೆ 2 ಅಂಕ, ಸಮವಾದರೆ 1.

ಡ್ರಾ ಹೆಚ್ಚಾಗುತ್ತೆ ಅಂತ ಹೆದರಬೇಡಿ, ಅದು ಈ ಆಟದ ಗುಣ. 1992ರಲ್ಲಿ ಲಂಡನ್ನಿನಲ್ಲಿ ಮೇರಿಯನ್ ಟಿನ್ಸ್ಲಿಗೂ ಚಿನೂಕ್ ಅನ್ನೋ ಕಂಪ್ಯೂಟರ್ ಪ್ರೋಗ್ರಾಮಿಗೂ ನಡೆದ ವಿಶ್ವ ಚಾಂಪಿಯನ್‌ಶಿಪ್‌ನ 39 ಆಟದಲ್ಲಿ 33 ಡ್ರಾ. ಟಿನ್ಸ್ಲಿ ಗೆದ್ದದ್ದು 4, ಚಿನೂಕ್ 2. ಅದೇ ಚಿನೂಕ್ ಕಟ್ಟಿದ ಜೊನಾಥನ್ ಶೇಫರ್ ತಂಡ 2007ರಲ್ಲಿ ಲೆಕ್ಕ ಹಾಕಿ ತೋರಿಸಿದ್ದೂ ಅದನ್ನೇ: ಇಬ್ಬರೂ ತಪ್ಪು ಮಾಡದಿದ್ದರೆ ಆಟ ಡ್ರಾ. ನಿಮ್ಮ ಗುಂಪಲ್ಲಿ ತಪ್ಪಿಗೇನೂ ಬರಗಾಲ ಇರಲಿಕ್ಕಿಲ್ಲ.

ಆದರೂ ದಿನಾ ಅದೇ ಆರಂಭ ಆಡಿದರೆ ಬೇಸರ ಬರುತ್ತೆ, ಜೋರು ಆಟಗಾರರು ಬಾಯಿಪಾಠದ ಬಲದಲ್ಲೇ ಗೆಲ್ತಾರೆ. ಅದಕ್ಕೆ ಮದ್ದು ಆರಂಭದ ಚೀಟಿ. ಎರಡು ಡಬ್ಬಿ ತಗೊಳ್ಳಿ. ಒಂದರಲ್ಲಿ ಕಪ್ಪಿನ ಏಳು ಮೊದಲ ನಡೆ: 9-13, 9-14, 10-14, 10-15, 11-15, 11-16, 12-16. ಇನ್ನೊಂದರಲ್ಲಿ ಬಿಳಿಯ ಏಳು ಉತ್ತರ: 21-17, 22-17, 22-18, 23-18, 23-19, 24-19, 24-20. (ಕಪ್ಪಿನ ಕಡೆಯಿಂದ ಶುರುಮಾಡಿ ಕಪ್ಪು ಮನೆಗಳಿಗೆ 1ರಿಂದ 32ರವರೆಗೆ ಅಂಕಿ. ಬಿಳಿ ಕಡೆಯಲ್ಲಿ ಕೂತವರಿಗೆ ಪ್ರತಿ ಸಾಲಿನ ಎಣಿಕೆ ಎಡದಿಂದ ಬಲಕ್ಕೆ, 1ನೇ ಮನೆ ದೂರದ ಎಡಗಡೆ.) ಡಬ್ಬಿಗೊಂದು ಚೀಟಿ ಎತ್ತಿ, ಬಂದ ಎರಡು ನಡೆಯನ್ನು ಹಾಕಿ ಅಲ್ಲಿಂದ ಆಟ ಶುರು. ಅದೇ ಆರಂಭವನ್ನು ಬಣ್ಣ ಬದಲಾಯಿಸಿ ಇಬ್ಬರೂ ಒಂದೊಂದು ಸಲ ಆಡಬೇಕು. ಆಗ "ನನಗೆ ಕೆಟ್ಟ ಚೀಟಿ ಬಂತು" ಅನ್ನೋ ಮಾತೇ ಹುಟ್ಟಲ್ಲ.

ಒಟ್ಟು 49 ಜೋಡಿ ನಡೆಯಲ್ಲಿ ಎರಡನ್ನು ಬಿಡಬೇಕು: 9-14ಕ್ಕೆ 21-17, ಮತ್ತು 10-14ಕ್ಕೆ 21-17. ಎರಡರಲ್ಲೂ ಬಿಳಿ ಕಾಯಿ ಪುಕ್ಕಟೆ ಹೋಗುತ್ತೆ. ಹೊಡೆದ ಕಪ್ಪು ಕಾಯಿ 21ರ ಅಂಚಿನ ಮನೆಯಲ್ಲಿ ಕೂರೋದರಿಂದ ವಾಪಸ್ ಹೊಡೆಯೋಕೆ ದಾರಿಯಿಲ್ಲ. ಆ ಜೋಡಿ ಬಂದರೆ ಬಿಳಿಯ ಚೀಟಿ ಮತ್ತೆ ಎತ್ತಿ. ಉಳಿದ 47 ಆಡಬಹುದು.

ಅಂಕ ಸಮವಾದರೆ ಮೊದಲು ಅವರಿಬ್ಬರ ಪಂದ್ಯ ನೋಡಿ. ಅದೂ ಸಮವಾಗಿದ್ದರೆ, ಸೋಲಿಸಿದವರ ಅಂಕ ಪೂರ್ತಿ, ಸಮ ಮಾಡಿಕೊಂಡವರ ಅಂಕ ಅರ್ಧ ಕೂಡಿಸಿ. 12 ಅಂಕದವರನ್ನು ಸೋಲಿಸಿದ್ದಕ್ಕೆ 12, 10 ಅಂಕದವರ ಜೊತೆ ಸಮಕ್ಕೆ 5, ಹೀಗೆ. ಇದರಿಂದ ಕೆಳಗಿನವರನ್ನು ಮಾತ್ರ ಬಡಿದವರಿಗಿಂತ ಮೇಲಿನವರನ್ನು ಕೆಡವಿದವರಿಗೆ ಬೆಲೆ ಸಿಗುತ್ತೆ.

ತುಂಗಾತೀರ:

ಚೀಟಿ ಐಡಿಯಾ ಭಾರೀ ಆಯ್ತು. ಆದರೆ ಆ ಇಬ್ಬರು? ಚೀಟಿ ಎತ್ತಿದರೂ ಅವರೇ ಗೆಲ್ತಾರಲ್ಲ. ಒಂದು ಕಾಯಿ ಕಡಿಮೆ ಇಟ್ಟುಕೊಂಡು ಆಡಿ ಅಂತ ಹೇಳಬಹುದಾ?

ಹಾಳೆಟೋಪಿ:

ಕಾಯಿ ತೆಗೆಯಬೇಡಿ. 12ರಲ್ಲಿ ಒಂದು ತೆಗೆದರೆ ಆರಂಭದ ಚೀಟಿಗೆ ಅರ್ಥವೇ ಉಳಿಯಲ್ಲ, ಆಟವೇ ಬೇರೆ ಆಗುತ್ತೆ. ಎದುರಿಗಿದ್ದವರು ಕಲಿಯೋದೂ ಬರೀ ಕಾಯಿಗೆ ಕಾಯಿ ಬದಲಾಯಿಸೋದನ್ನು. ಸಮಯ ಕಡಿಮೆ ಕೊಡಿ: ಅವರಿಗೆ 6 ನಿಮಿಷ, ಉಳಿದವರಿಗೆ 15.

ಒಂದಕ್ಕೆರಡು:

ಸಮಯದ ರಿಯಾಯಿತಿ ನನಗೆ ಒಪ್ಪಿಗೆ ಇಲ್ಲ. ಜೋರು ಆಟಗಾರ 6 ನಿಮಿಷದಲ್ಲೂ ಗೆಲ್ತಾನೆ, ಅವನಿಗೆ ನಡೆಗಳು ಕಣ್ಣಿಗೇ ಕಾಣ್ತವೆ. ಸೋತರೆ "ಗಡಿಯಾರ ಸೋಲಿಸ್ತು" ಅಂತ ನೆಪ ಬೇರೆ. ಡ್ರಾ ರಿಯಾಯಿತಿ ಕೊಡಿ: ಆ ಇಬ್ಬರ ಎದುರು ಪಂದ್ಯ ಸಮವಾದರೆ ಅದು ಎದುರಾಳಿಯ ಗೆಲುವು, 2 ಅಂಕ. ಬೋರ್ಡಿನ ಮೇಲೆ ಏನೂ ಬದಲಾಗಲ್ಲ, ಚೀಟಿಯೂ ನಡೆಯುತ್ತೆ. ದುರ್ಬಲರಿಗೆ ಡ್ರಾ ಹಿಡಿಯೋ ವಿದ್ಯೆ ಬರುತ್ತೆ, ಜೋರಿನವರು ಸುಮ್ಮನೆ ಕಾಯಿ ಬದಲಾಯಿಸಿ ಕೈ ತೊಳೆದುಕೊಳ್ಳೋ ಹಾಗಿಲ್ಲ, ಗೆಲ್ಲೋಕೆ ಸಾಹಸ ಮಾಡಲೇಬೇಕು. ಸಾಹಸ ಮಾಡಿದಾಗಲೇ ಅವರೂ ತಪ್ಪೋದು. ಅವರಿಬ್ಬರೇ ಎದುರಾದಾಗ ರಿಯಾಯಿತಿ ಇಲ್ಲ.

ಹಾಳೆಟೋಪಿ:

ಇದಕ್ಕೆ ಒಪ್ಪಿದೆ. ಇವತ್ತಿನ ತಾರೀಕು ಯಾರಾದರೂ ಬರೆದಿಟ್ಟುಕೊಳ್ಳಿ.

ಕಪ್ಪುಮನೆ:

ಸಾಮಾನಿನ ಬಗ್ಗೆ ಯಾರೂ ಮಾತಾಡಲಿಲ್ಲ. ಮಳೆಗಾಲ ಅಂತ ಬೇರೆ ಹೇಳಿದ್ದೀರಿ.

ರಟ್ಟಿನ ಚೆಸ್ ಬೋರ್ಡು ಜುಲೈ ಹೊತ್ತಿಗೆ ಉಬ್ಬಿ ದೋಣಿಯಾಗುತ್ತೆ. ಪ್ಲೈವುಡ್ ಆದರೆ 12 ಎಂಎಂ ತಗೊಂಡು, ವಾರ್ನಿಷ್ ಎರಡೂ ಮುಖಕ್ಕೆ, ನಾಲ್ಕು ಅಂಚಿಗೂ ಹೊಡೆಯಿರಿ. ಮೇಲ್ಮುಖಕ್ಕೆ ಮಾತ್ರ ಹೊಡೆದರೆ ಕೆಳಮುಖ ತೇವ ಹೀರಿ ಹಿಗ್ಗುತ್ತೆ, ಮೇಲ್ಮುಖ ಹಿಗ್ಗಲ್ಲ, ಹಲಗೆ ಸೊಟ್ಟ ಆಗೋದು ಅದರಿಂದಲೇ. ಅಷ್ಟು ರಗಳೆ ಬೇಡ ಅಂದರೆ ಫ್ಲೆಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ. ಮನೆ 2 ಇಂಚು, ಎಂಟು ಮನೆಗೆ 16, ಸುತ್ತ ಒಂದೂವರೆ ಇಂಚು ಅಂಚು, ಒಟ್ಟು 19 ಇಂಚಿನ ಚೌಕ. ಮಿರಮಿರ ಹೊಳೆಯೋ ಫ್ಲೆಕ್ಸ್ ಬೇಡ, ಟ್ಯೂಬ್‌ಲೈಟ್ ಬೆಳಕು ಬಿದ್ದು ಅರ್ಧ ಬೋರ್ಡು ಕಾಣಲ್ಲ. ಸುತ್ತಿಡುವಾಗ ಚಿತ್ರ ಹೊರಮುಖ ಇರಲಿ. ಬಿಚ್ಚಿದಾಗ ಅಂಚು ಕೆಳಕ್ಕೆ ಬಾಗಿ ಮೇಜಿಗೆ ಕಚ್ಚಿಕೊಳ್ಳುತ್ತೆ. ಒಳಮುಖ ಸುತ್ತಿದರೆ ಅಂಚು ಮೇಲೆದ್ದು ಕಾಯಿ ಜಾರುತ್ತೆ.

ಬಣ್ಣ ಮುಖ್ಯ. ಕಪ್ಪು ಮನೆ ಮೇಲೆ ಕಪ್ಪು ಕಾಯಿ ಇಟ್ಟರೆ ಹಗಲಲ್ಲೇ ಕಷ್ಟ, ಕರೆಂಟು ಹೋಗಿ ಎಮರ್ಜೆನ್ಸಿ ಲೈಟಿಗೆ ಬಂದರೆ ಮುಗೀತು. "ನೋಡಲಿಲ್ಲ" ಅನ್ನೋ ಜಗಳದಲ್ಲಿ ಅರ್ಧ ಇದರಿಂದಲೇ ಬರೋದು. ಪಂದ್ಯಾವಳಿಗಳಲ್ಲಿ ಹಸಿರು ಮನೆ, ಕೆನೆಬಣ್ಣದ ಮನೆ, ಕೆಂಪು ಮತ್ತು ಬಿಳಿ ಕಾಯಿ ಬಳಸೋದು ಸುಮ್ಮನೆ ಅಲ್ಲ. ಫ್ಲೆಕ್ಸ್ ಮಾಡಿಸೋದೇ ಆದರೆ ಕಡು ಹಸಿರು ಹಾಕಿಸಿ, ಪ್ರತಿ ಹಸಿರು ಮನೆಯ ಮೂಲೆಯಲ್ಲಿ 1ರಿಂದ 32 ಸಣ್ಣಗೆ ಬರಲಿ. ಚೀಟಿ ಆಟಕ್ಕೂ ನಡೆ ಬರೆದುಕೊಳ್ಳೋದಕ್ಕೂ ಅದೇ ಬೇಕು.

ಕಾಯಿಗೆ ಕೇರಂ ಕಾಯಿ ಆಗುತ್ತೆ, ಸುಮಾರು 3.1 ಸೆಂಟಿಮೀಟರ್ ಅಗಲ, 2 ಇಂಚಿನ ಮನೆಗೆ ಸರಿಯಾಗಿ ಕೂರುತ್ತೆ. ಒಂದು ಸೆಟ್ಟಿನಲ್ಲಿ 9 ಕಪ್ಪು, 9 ಬಿಳಿ ಮಾತ್ರ, ಹಾಗಾಗಿ ಒಂದು ಬೋರ್ಡಿಗೆ ಎರಡು ಸೆಟ್ ಬೇಕು. ರಾಜ ಮಾಡೋಕೆ ಒಂದರ ಮೇಲೊಂದು ಇಡಬೇಡಿ, ನುಣುಪಿಗೆ ಜಾರಿ ಬಿದ್ದು ಯಾವ ಮನೆಯಲ್ಲಿತ್ತು ಅಂತ ಚರ್ಚೆ ಶುರುವಾಗುತ್ತೆ. ಒಂದು ಮುಖಕ್ಕೆ ಬಿಂದಿಯಷ್ಟು ಸ್ಟಿಕ್ಕರ್ ಅಂಟಿಸಿ, ರಾಜನಾದಾಗ ಮಗುಚಿ. ಖರ್ಚು ಬೇಡ ಅಂದರೆ ಎರಡು ಬಣ್ಣದ ನೀರಿನ ಬಾಟಲಿ ಮುಚ್ಚಳ, ಅದಕ್ಕೂ ಮಗುಚೋದೇ ಉಪಾಯ. ಒಳಗೆ ಮೇಣ ಕರಗಿಸಿ ತುಂಬಿ, ಇಲ್ಲದಿದ್ದರೆ ಫ್ಯಾನ್ ಗಾಳಿಗೆ ನಡೆ ತಾನಾಗೇ ನಡೀತದೆ. ಒಂದು ಮಾತು: ಆ ಕೇರಂ ಕಾಯಿಗೆ ಪೌಡರ್ ಅಂಟಿದ್ದರೆ ಒರೆಸಿ ತನ್ನಿ.

ತುಂಗಾತೀರ:

ಫ್ಲೆಕ್ಸೇ ಮಾಡಿಸ್ತೀವಿ. ಇನ್ನೊಂದು ಕೇಳ್ತೀನಿ: ಆ ಏಳು ಜನ ಸೋಲೋದು ಎಲ್ಲಿ? ಅರ್ಧ ಆಟದವರೆಗೆ ಸಮವಾಗೇ ಇರುತ್ತೆ, ಆಮೇಲೆ ಇದ್ದಕ್ಕಿದ್ದಂತೆ ಕುಸೀತಾರೆ.

ಒಂದಕ್ಕೆರಡು:

ಮೂರು ಕಡೆ.

ಒಂದು, ಕಡ್ಡಾಯ ಹೊಡೆತವನ್ನು ಅಪಾಯ ಅಂತ ಮಾತ್ರ ನೋಡ್ತಾರೆ, ಆಯುಧ ಅಂತ ನೋಡಲ್ಲ. ಹುಲಿ-ಕುರಿ ಆಟದಲ್ಲಿ ಪಳಗಿದವರಿಗೆ ಇದು ಹೆಚ್ಚು. ಅಲ್ಲಿ ಹುಲಿ ಬೇಕಾದರೆ ಹಾರುತ್ತೆ, ಬೇಡದಿದ್ದರೆ ಸುಮ್ಮನಿರುತ್ತೆ. ಇಲ್ಲಿ ನೀವು ಕಾಯಿ ಮುಂದಿಟ್ಟರೆ ಎದುರಾಳಿ ತಿನ್ನಲೇಬೇಕು. ಈ ಸ್ಥಿತಿ ಜೋಡಿಸಿ ನೋಡಿ, ಎಲ್ಲ ಸಾದಾ ಕಾಯಿ. ಕಪ್ಪು: 1, 3, 12, 14, 15. ಬಿಳಿ: 23, 25, 27, 29, 32. ಬಿಳಿಯ ನಡೆ. 23-18 ಅಂತ ಎರಡು ಕಪ್ಪು ಕಾಯಿಗಳ ಬಾಯಿಗೇ ಇಡಿ. ಕಪ್ಪಿನ 15 ಹೊಡೆದು 22ಕ್ಕೆ ಬಂದರೆ, ಬಿಳಿಯ 25 ಅದನ್ನು ಹಾರಿ 18ಕ್ಕೆ, ಅಲ್ಲಿಂದ 14ನ್ನು ಹಾರಿ 9ಕ್ಕೆ. ಅದರ ಬದಲು 14 ಹೊಡೆದು 23ಕ್ಕೆ ಬಂದರೆ, ಬಿಳಿಯ 27 ಹಾರಿ 18ಕ್ಕೆ, ಅಲ್ಲಿಂದ 15ನ್ನು ಹಾರಿ 11ಕ್ಕೆ. ಯಾವ ಕಡೆಯಿಂದ ತಿಂದರೂ ಒಂದು ಕೊಟ್ಟು ಎರಡು. ಈಗ 29 ಮತ್ತು 32ರ ಕಾಯಿ ತೆಗೆದು ಮತ್ತೆ ಆಡಿ. ಕಪ್ಪು 22ಕ್ಕೆ ಬಂದು ನಿಲ್ಲದೆ 25ನ್ನೂ ಹಾರಿ 29ಕ್ಕೆ ಹೋಗಿ ರಾಜನಾಗುತ್ತೆ. ಹಿಂದಿನ ಸಾಲಿನಲ್ಲಿ ಸುಮ್ಮನೆ ನಿಂತ ಕಾಯಿ ಏನು ಕೆಲಸ ಮಾಡ್ತಿತ್ತು ಅಂತ ಆಗ ಗೊತ್ತಾಗುತ್ತೆ.

ಅದೇ ಎರಡನೇ ತಪ್ಪು. ಕೆಲವರು ಹಿಂದಿನ ಸಾಲು ಪೂರ್ತಿ ಬರಿದು ಮಾಡ್ತಾರೆ, ಕೆಲವರು ನಾಲ್ಕೂ ಕಾಯಿ ಕಟ್ಟಿಹಾಕಿ ಎಂಟರಲ್ಲೇ ಯುದ್ಧಕ್ಕೆ ಹೊರಡ್ತಾರೆ. ಎರಡು ಸಾಕು: ಕಪ್ಪಿಗೆ 1 ಮತ್ತು 3, ಬಿಳಿಗೆ 30 ಮತ್ತು 32. ಈ ಎರಡರ ನಡುವೆ ಒಂಟಿ ಕಾಯಿ ನುಗ್ಗಿ ರಾಜನಾಗೋದು ಬಹಳ ಕಷ್ಟ. 6, 7, 8ರಲ್ಲಿ ಎಲ್ಲಿಗೆ ಬಂದರೂ ಹಿಂದಿನ ಮನೆ ಖಾಲಿ ಇದ್ದರೆ ಹೊಡೆತ ಬೀಳುತ್ತೆ, 5ಕ್ಕೆ ಬಂದರೆ 1ನೇ ಮನೆಯ ಕಾಯಿ ಅಡ್ಡ ನಿಂತಿರುತ್ತೆ.

ಮೂರನೆಯದು ಕೊನೆಯಾಟ, ನೀವು ಹೇಳೋ ಕುಸಿತ ಬಹುಶಃ ಇದೇ. ಕಾಯಿ ಕಡಿಮೆಯಾದಾಗ ಯಾರ ನಡೆ ಯಾರನ್ನು ಕಟ್ಟಿಹಾಕುತ್ತೆ ಅನ್ನೋದಕ್ಕೊಂದು ಎಣಿಕೆ ಇದೆ. ಜೋರು ಆಟಗಾರರು ಅದನ್ನು ಕಣ್ಣಲ್ಲೇ ಮಾಡ್ತಾರೆ. ಇಬ್ಬರ ಕಾಯಿ ಸಂಖ್ಯೆ ಸಮ ಇರಬೇಕು. ಕಪ್ಪಿನ ಸರದಿ ಇದ್ದಾಗ 1-4, 9-12, 17-20, 25-28 ಈ ಮನೆಗಳಲ್ಲಿ ಇರೋ ಎಲ್ಲ ಕಾಯಿ ಎಣಿಸಿ, ಎರಡೂ ಬಣ್ಣದ್ದು. ಬಿಳಿಯ ಸರದಿಯಾದರೆ 5-8, 13-16, 21-24, 29-32. ಮೊತ್ತ ಬೆಸ ಬಂದರೆ ಹಿಡಿತ ನಡೆಸುವವರ ಕೈಲಿದೆ, ಸರಿಸಂಖ್ಯೆ ಬಂದರೆ ಎದುರಾಳಿ ಕೈಲಿ. ಉದಾಹರಣೆಗೆ ಕಪ್ಪು ರಾಜ 10ರಲ್ಲಿ, ಬಿಳಿ ರಾಜ 18ರಲ್ಲಿ, ಕಪ್ಪಿನ ಸರದಿ. ಎರಡೂ ಕಪ್ಪಿನ ಎಣಿಕೆಯ ಮನೆಗಳಲ್ಲೇ ಇವೆ, ಮೊತ್ತ 2, ಅಂದರೆ ಕಪ್ಪು ದಾರಿ ಬಿಡಬೇಕು. ಒಂದಕ್ಕೊಂದು ಕಾಯಿ ಬದಲಾದರೆ ಹಿಡಿತ ಸಾಮಾನ್ಯವಾಗಿ ಇನ್ನೊಬ್ಬರಿಗೆ ದಾಟುತ್ತೆ. ಹಾಗಾಗಿ ಹಿಡಿತ ಕೈಲಿಲ್ಲದವರು ಒಂದು ಬದಲಾವಣೆ ಹುಡುಕಬೇಕು, ಇದ್ದವರು ತಪ್ಪಿಸಬೇಕು. "ಸುಮ್ಮನೆ ಬದಲಾಯಿಸಿದೆ" ಅಂತ ಆ ಏಳು ಜನ ಹೇಳ್ತಾರಲ್ಲ, ಆಟ ಹೋಗೋದು ಅಲ್ಲೇ.

ಬಿಡುವಿನಲ್ಲಿ ಇದೊಂದು ಕಸರತ್ತು ಮಾಡಿಸಿ: ಎರಡು ರಾಜ, ಎದುರು ಒಂಟಿ ರಾಜ ಜೋಡಿ ಮೂಲೆಯಲ್ಲಿ (1-5 ಅಥವಾ 28-32). ಎರಡಿದ್ದವರಿಗೆ ಗೆಲುವೇ, ಆದರೆ ಗೊತ್ತಿಲ್ಲದವರು 40 ನಡೆ ಅಟ್ಟಾಡಿಸಿ ಡ್ರಾ ಮಾಡಿಕೊಳ್ತಾರೆ. ಇದು ಬಂದಮೇಲೆ ಮೂರಕ್ಕೆ ಎರಡು. ಅಲ್ಲಿ ಒಂದನ್ನು ಬದಲಾಯಿಸಿಕೊಂಡು ಎರಡಕ್ಕೆ ಒಂದು ಮಾಡೋದೇ ದಾರಿ.

ಸೊಪ್ಪಿನಬೆಟ್ಟ:

ಆಟದ ವಿಷಯ ಮುಗೀತಾ? ಬೋಂಡದ ವಿಷಯಕ್ಕೆ ಬರೋಣ, ಗುಂಪು ಒಡೆಯೋದು ಅಲ್ಲೇ.

ಸೋತವರು ಕೊಡಿಸೋ ಪದ್ಧತಿ ತಿರುಗಿಸಿ: ಗೆದ್ದವರು ಕೊಡಿಸಲಿ. ಸೋತವರು ತಿನ್ನುತ್ತಾ ಬಾಯ್ತುಂಬ ಕಾಲೆಳೆಯಲಿ. ಗೆದ್ದವರಿಗೆ ಗೆದ್ದ ಖುಷಿ ಇರುತ್ತೆ, ಇಪ್ಪತ್ತು ಮೂವತ್ತು ರೂಪಾಯಿ ಹೋದದ್ದು ಲೆಕ್ಕಕ್ಕಿರಲ್ಲ. ಸೋತವರಿಗೆ ಸೋಲಿನ ಮೇಲೆ ಜೇಬಿಗೂ ಕತ್ತರಿ ಬಿದ್ದರೆ ನಾಲ್ಕನೇ ವಾರ "ಸ್ವಲ್ಪ ಕೆಲಸ ಇತ್ತು" ಅಂತಾರೆ, ಐದನೇ ವಾರ ಫೋನೇ ಎತ್ತಲ್ಲ. ದುಡ್ಡು ಕಟ್ಟಿ ಆಡೋದು ಬೇಡವೇ ಬೇಡ, ಹತ್ತು ರೂಪಾಯಿ ಆದರೂ. ಮಂಡಕ್ಕಿ ಕೈಯಲ್ಲಿ ಕಾಯಿ ಮುಟ್ಟೋದೂ ಬೇಡ. ತಿಂಡಿ ಪಂದ್ಯದ ನಂತರ, ಬೇರೆ ಮೇಜಲ್ಲಿ. ಎಣ್ಣೆ ಕೈ ತಾಗಿದ ಫ್ಲೆಕ್ಸ್ ಮೇಲೆ ಕಾಯಿ ನಿಲ್ಲಲ್ಲ, ಇರುವೆ ಬೇರೆ.

ಹಿಂದೆ ನಿಂತು ಹೇಳೋರಿಗೆ: ಗಡಿಯಾರ ಓಡ್ತಿರುವಾಗ ಮಾತಿಲ್ಲ, ಕೆಮ್ಮಿಲ್ಲ, "ಅಯ್ಯೋ" ಇಲ್ಲ. "ಅಯ್ಯೋ" ಅಂದರೂ ನಡೆ ಹೇಳಿದ ಹಾಗೇ. ಎಲ್ಲೋ ಹೊಡೆತ ಇದೆ ಅಂತ ಎದುರಿನವರಿಗೆ ಗೊತ್ತಾಗುತ್ತೆ. ಒಂದು ಸಲ ಎಚ್ಚರಿಕೆ, ಎರಡನೇ ಸಲಕ್ಕೆ ಹೇಳಿದವರ ಸ್ವಂತ ಮುಂದಿನ ಆಟದಲ್ಲಿ 3 ನಿಮಿಷ ಕಡಿತ. ನಡೆ ಹೇಳಿಸಿಕೊಂಡವರಿಗೆ ಶಿಕ್ಷೆ ಬೇಡ, ಅವರು ಕೇಳಿರಲ್ಲ.

ಕಾಲೆಳೆಯೋದು ಆಟ ಮುಗಿದು ಕೈ ಕುಲುಕಿದ ಮೇಲೆ. ನಡೆಯ ಬಗ್ಗೆ ಏನು ಬೇಕಾದರೂ ಅನ್ನಬಹುದು. "ಆ 21-17 ಹಾಕೋ ಮೊದಲು ಕನ್ನಡಕ ಮನೇಲಿಟ್ಟು ಬಂದಿದ್ರಾ" ಅಂದರೆ ತಪ್ಪಿಲ್ಲ. ಮನೆ, ಕೆಲಸ, ಜಾತಿ, ವಯಸ್ಸು, ಮೈಕಟ್ಟು ಇವು ಬೋರ್ಡಿನ ಹೊರಗಿನ ಮನೆಗಳು, ಅಲ್ಲಿ ಕಾಯಿ ಇಡೋ ಹಾಗಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಫಲಿತಾಂಶ ಮಾತ್ರ ಹಾಕಿ. ಎದುರಿಗೆ ನಗುತ್ತಾ ಅಂದ ಮಾತಿಗೂ ರಾತ್ರಿ ಹನ್ನೊಂದಕ್ಕೆ ಓದಿದ ಅದೇ ಮಾತಿಗೂ ಅಜಗಜಾಂತರ.

ಇನ್ನು ಜಿದ್ದಿಗೆ ಒಂದು ವಸ್ತು ಬೇಕು. ಟ್ರೋಫಿ, ಶೀಲ್ಡು ತಂದರೆ ಒಬ್ಬರ ಶೋಕೇಸಿಗೆ ಹೋಗಿ ಕೂರುತ್ತೆ. ಒಂದು ಅಡಿಕೆ ಹಾಳೆ ಟೋಪಿ ಮಾಡಿಸಿ. ಆ ವಾರ ತನಗಿಂತ ಮೇಲಿನ ಸ್ಥಾನದವರನ್ನು ಸೋಲಿಸಿದವರಿಗೆ ಟೋಪಿ. ಅಂಥವರು ಇಬ್ಬರಿದ್ದರೆ ಹೆಚ್ಚು ಮೇಲಿನವರನ್ನು ಕೆಡವಿದವರಿಗೆ. ಒಳಗಡೆ ಮಾರ್ಕರಿನಲ್ಲಿ ತಾರೀಕು, ಸೋತವರ ಹೆಸರು, ಸೋಲಿಸಿದ ನಡೆ. ಮುಂದಿನ ಭಾನುವಾರ ಹಾಕಿಕೊಂಡೇ ಬರಬೇಕು, ಮರೆತರೆ ಅರ್ಧ ಅಂಕ ಕಟ್. ಆ ಇಬ್ಬರು ಜೋರಿನವರಿಗೆ ಈ ಟೋಪಿ ಸಿಗೋದು ಅಪರೂಪ, ಅವರಿಗಿಂತ ಮೇಲೆ ಯಾರಿದ್ದಾರೆ? ಉಳಿದವರಿಗೆ ಟೋಪಿಯೇ ಲೀಗು. ಮಳೆಗಾಲದಲ್ಲಿ ಹಾಳೆಗೆ ಬೂಷ್ಟು ಹಿಡಿಯುತ್ತೆ, ಒಲೆ ಮೇಲಿನ ಅಟ್ಟದಲ್ಲೋ ಹೊಗೆ ತಾಗೋ ಕಡೆಯೋ ಇಡೋಕೆ ಹೇಳಿ. ಗ್ಯಾಸ್ ಒಲೆ ಮನೆಯವರು ಫ್ರಿಜ್ಜಿನ ಹಿಂದೆ ಇಡಲಿ, ಬೆಚ್ಚಗಿರುತ್ತೆ.

ಹಾಳೆಟೋಪಿ:

ನನ್ನ ಹೆಸರನ್ನು ಬಹುಮಾನ ಮಾಡಿದ್ದಕ್ಕೆ ರಾಯಲ್ಟಿ ಬರಬೇಕು.

ಸೊಪ್ಪಿನಬೆಟ್ಟ:

ಗೆದ್ದವರು ಕೊಡಿಸೋದು ಅಂತ ಈಗಷ್ಟೇ ನಿಯಮ ಆಗಿದೆ. ಮೊದಲು ಗೆಲ್ಲಿ.

ತುಂಗಾತೀರ:

ಎಲ್ಲ ಬರೆದುಕೊಂಡೆ. ಕೊನೇದು ಒಂದು: ನಡುವೆ ಯಾರಾದರೂ ಹತ್ತನೆಯವರು ಬಂದು ಸೇರ್ತೀನಿ ಅಂದರೆ?

ಹಾಳೆಟೋಪಿ:

ಅದಕ್ಕೇ "ಬಿಡುವು" ಅನ್ನೋ ಜಾಗ ಇರೋದು. ಮೊದಲ ಎರಡು ವಾರದೊಳಗೆ ಬಂದರೆ ಆ ಜಾಗಕ್ಕೆ ಅವರನ್ನೇ ಹಾಕಿ, ಜೋಡಿ ಪಟ್ಟಿಯಲ್ಲಿ ಬೇರೇನೂ ಬದಲಾಗಲ್ಲ. ಐದನೇ ಬೋರ್ಡು ಒಂದು ಬೇಕಾಗುತ್ತೆ, ಫ್ಲೆಕ್ಸ್ ಮಾಡಿಸುವಾಗಲೇ ಐದು ಮಾಡಿಸಿಬಿಡಿ. ತೀರ್ಪುಗಾರರು ಇಲ್ಲದಂತಾಗ್ತಾರೆ, ಆಗ ಪಕ್ಕದ ಬೋರ್ಡಿನವರು ಪರಸ್ಪರ ನೋಡಿಕೊಳ್ಳಲಿ. ಈಗಾಗಲೇ ಬಿಡುವು ಪಡೆದವರು ಹೊಸಬರ ಜೊತೆ ಬಾಕಿ ಪಂದ್ಯವನ್ನು ಯಾವುದಾದರೂ ಭಾನುವಾರ 5.15ಕ್ಕೆ, ತಮ್ಮ ಪಂದ್ಯ ಮುಗಿದ ಮೇಲೆ ಆಡಲಿ. ಮೂರನೇ ವಾರದ ನಂತರ ಬಂದರೆ ಲೀಗಿಗೆ ಬೇಡ, ಟೋಪಿ ಆಟಕ್ಕೆ ಮಾತ್ರ ಸೇರಿಸಿ.